ಅಲುಗದ ಆರುನೂರಾ ಎರಡು ಮಣಿ

ಸಿಂದಗಿ ಬಸ್ ಸ್ಟ್ಯಾಂಡಿನ ಎದುರಿಗೆ ದಿಲಾವರನ ಝೆರಾಕ್ಸ್ ಅಂಗಡಿ ಇದೆಯಲ್ಲ, ಅದರ ಮೇಲಿನ ಕೋಣೆಯಲ್ಲಿ ರೇಣುಕಕ್ಕ ದಿನವಿಡೀ ಕೂತು ಏನು ಮಾಡುತ್ತಾಳೆ ಅಂತ ಊರಲ್ಲಿ ಯಾರನ್ನಾದರೂ ಕೇಳಿ ನೋಡಿ. ಕೆಲವರು ಆನ್‌ಲೈನ್ ಅರ್ಜಿ ತುಂಬುತ್ತಾಳೆ ಅನ್ನುತ್ತಾರೆ. ಶೇರ್ ಮಾರ್ಕೆಟ್ ಅನ್ನುವವರೂ ಇದ್ದಾರೆ. ನಿಜ ಹೇಳಿದರೆ ಒಬ್ಬರೂ ನಂಬುವುದಿಲ್ಲ. ಅವಳು ಡಿಎನ್‌ಎ ಎಳೆಗಳನ್ನು ಒಂದೊಂದಾಗಿ ನೋಡುತ್ತಾಳೆ. ರಾಶಿಯನ್ನಲ್ಲ, ಒಂದೊಂದನ್ನೇ.

ನನಗೆ ಅವಳೆಂದರೆ ವಿಪರೀತ ಅಭಿಮಾನ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಹೇಳುವುದು ಅವಳ ತಪ್ಪಿನ ಕಥೆ. ಅವಳೇ ಹೇಳಿದ್ದು, ಬರಿ ಅಂದದ್ದೂ ಅವಳೇ.

ಕೆಲಸ ಹೀಗಿದೆ. ಪುಣೆಯ ಒಂದು ಲ್ಯಾಬಿನಲ್ಲಿ ಗಾಜಿನ ಪಟ್ಟಿಯ ಮೇಲೆ ಡಿಎನ್‌ಎ ಎಳೆಯ ಒಂದು ತುದಿಯನ್ನು ಅಂಟಿಸುತ್ತಾರೆ. ಇನ್ನೊಂದು ತುದಿಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣದೊಂದು ಮಣಿ. ಮಣಿಯೊಳಗೆ ಕಬ್ಬಿಣದ ಅಂಶ ಇರುತ್ತದೆ, ಹಾಗಾಗಿ ಮೇಲೆ ಅಯಸ್ಕಾಂತ ಹಿಡಿದರೆ ಅದು ಮೇಲಕ್ಕೆ ಎಳೆದುಕೊಂಡು ನಿಲ್ಲುತ್ತದೆ. ಎಳೆ ಜಡೆಯ ಹಾಗೆ ಹೆಣೆದುಕೊಂಡಿರುತ್ತದೆ. ಆಮೇಲೆ ಕಿಣ್ವವನ್ನು ಹರಿಬಿಡುತ್ತಾರೆ. ಕಿಣ್ವ ಬಂದು ಜಡೆ ಬಿಚ್ಚಿದರೆ ಎಳೆ ಉದ್ದವಾಗುತ್ತದೆ, ಮಣಿ ಕೂದಲಿನ ದಪ್ಪದ ನೂರನೇ ಪಾಲಿನಷ್ಟು ಮೇಲೇರುತ್ತದೆ. ಕೆಳಗಿನಿಂದ ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಕಂಪ್ಯೂಟರಿನಲ್ಲಿ ಒಂದು ಗೆರೆ ಮೇಲೆ ಹೋಗುತ್ತದೆ. ಇಷ್ಟೇ.

ಮೊದಲೆಲ್ಲ ಒಂದು ದಿನಕ್ಕೆ ಒಂದೆರಡು ಮಣಿ ನೋಡಿದರೆ ದೊಡ್ಡ ಮಾತಾಗಿತ್ತಂತೆ. ಈಗ ಒಂದೇ ಸಲ ಆರುನೂರು, ಏಳುನೂರು ಮಣಿ ಕ್ಯಾಮೆರಾಕ್ಕೆ ಬೀಳುತ್ತವೆ. ಕೊಳವೆಯಲ್ಲಿ ಕೋಟಿಗಟ್ಟಲೆ ಕಿಣ್ವ ಹಾಕಿ ಅಳೆದರೆ ಸಿಗುವುದು ಸರಾಸರಿ. ಯಾವುದು ದುಡಿಯಿತು, ಯಾವುದು ಸುಮ್ಮನೆ ಕೂತಿತು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಇಲ್ಲಿ ಕಾಣುತ್ತದೆ. ಆದರೆ ಅಷ್ಟೊಂದು ಗೆರೆಗಳನ್ನು ಕಂಪ್ಯೂಟರು ಒಂದು ಸಲ ಜರಡಿ ಹಿಡಿದ ಮೇಲೂ ಮನುಷ್ಯರ ಕಣ್ಣು ಬೇಕಾಗುತ್ತದೆ. ಕೆಲವು ಮಣಿ ಗಾಜಿಗೇ ಅಂಟಿಬಿಟ್ಟಿರುತ್ತವೆ, ಕೆಲವಕ್ಕೆ ಎರಡೆರಡು ಎಳೆ ಸಿಕ್ಕಿರುತ್ತವೆ, ಕೆಲವು ಬರೀ ಧೂಳು. ಇದು ಇರಲಿ, ಇದು ಬೇಡ ಅಂತ ಆರಿಸುವ ಕಣ್ಣು ರೇಣುಕಕ್ಕನದು.

"ಅಕ್ಕಾರ, ನಿಮ್ಮ ಸಿನಿಮಾದಾಗ ಇನ್ನೂ ಹೀರೋ ಬಂದಿಲ್ಲೇನ್ರಿ?" ಅಂತ ದಿಲಾವರ ಚಹಾ ಕೊಡಲು ಬಂದಾಗಲೆಲ್ಲ ಕೇಳುತ್ತಿದ್ದ. "ನಾ ಆರ ತಿಂಗಳಿಂದ ನೋಡಾಕತ್ತೇನಿ, ಬರೇ ರವಾ ಚೆಲ್ಲಿದಂಗ ಕಾಣತೈತಿ."

"ನಿನ್ನ ಝೆರಾಕ್ಸಿನಾಗ ಬರೂದೂ ಹಂಗ ಕಾಣತೈತಿ," ಅನ್ನುತ್ತಿದ್ದಳು ಅಕ್ಕ.

ಅವಳ ಊರು ದೇವಣಗಾಂವ, ಭೀಮಾ ನದಿಯ ದಂಡೆ. ಅಪ್ಪ ಸೋಮನಿಂಗ ಕುರಿ ಕಾಯುವವನು. ಸಂಜೆ ದೊಡ್ಡಿಯ ಬಾಯಲ್ಲಿ ನಿಂತು ಒಂದೊಂದೇ ಕುರಿಯನ್ನು ಒಳಗೆ ಬಿಡುತ್ತಿದ್ದ. ಎಣಿಸುತ್ತಿರಲಿಲ್ಲ. ಮುಖ ನೋಡುತ್ತಿದ್ದ, ಯಾವ ಮುಖ ಬರಲಿಲ್ಲ ಅಂತ ಹೇಳುತ್ತಿದ್ದ. ಅಕ್ಕನಿಗೆ ಆ ಕಣ್ಣು ಬಂದಿತ್ತು. ಸಿಂದಗಿಯಲ್ಲಿ ಬಿಎಸ್ಸಿ ಮಾಡಿದಳು, ಆಮೇಲೆ ಮುದ್ದೇಬಿಹಾಳದ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿ ಎರಡು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತು ರಕ್ತಕಣ ನೋಡಿದಳು. ಒಂದು ಸಲ ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಮಂಜರಿ ಮೇಡಂ ಅವರ ಭಾಷಣ ಇತ್ತು. ಮೇಡಂ ಇಂಡಿ ಊರಿನವರು, ಪುಣೆಯ ಆ ಲ್ಯಾಬು ಅವರದೇ. ಪರದೆಯ ಮೇಲೆ ಮಣಿಗಳ ಚಿತ್ರ ತೋರಿಸಿದಾಗ ಹಿಂದಿನ ಸಾಲಿನಿಂದ ಅಕ್ಕ ಎದ್ದು, "ಮೇಡಂರಿ, ಎಡಗಡೆ ಮೂಲ್ಯಾಗಿನ ಎರಡು ಮಣಿ ಜೋಡಿ ಅಲುಗತಾವ್ರಿ, ಒಂದಕ್ಕೊಂದು ಅಂಟ್ಯಾವೇನ್ರಿ?" ಅಂದಳು. ಮೇಡಂ ಪರದೆಯ ಹತ್ತಿರ ಹೋಗಿ ನೋಡಿದರು. ಅಂಟಿದ್ದವು. ಎರಡು ತಿಂಗಳಲ್ಲಿ ಅಕ್ಕ ಪುಣೆಯಲ್ಲಿದ್ದಳು.

ಈಗ ಮನೆಯ ವಿಷಯಕ್ಕೆ ಬರುತ್ತೇನೆ. ರೇಣುಕಕ್ಕನ ಅಣ್ಣ ಕಾಂತು ಮದುವೆಯಾದದ್ದು ತನ್ನ ಹಿರಿಯಕ್ಕನ ಮಗಳು ಸುಂದರವ್ವನನ್ನು. ನಮ್ಮ ಕಡೆ ಇದು ಹೊಸದಲ್ಲ, ಸೋದರಮಾವನಿಗೆ ಕೊಡುವುದು ನಡೆದೇ ಬಂದಿದೆ. ಹಾಗಾಗಿ ರೇಣುಕಕ್ಕನ ತಾಯಿ ಹುಚ್ಚವ್ವ ಸುಂದರವ್ವನಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಕಾಂತು, ಸುಂದರವ್ವ ಇಬ್ಬರಿಗೂ ಮೊದಲು ಹುಟ್ಟಿದವಳು ಮಾಳವ್ವ.

ಕೂಸು ಹುಟ್ಟಿದ ಮೇಲೆ ಅಜ್ಜಿ ಏನು ಮಾಡುತ್ತಾಳೆ ಅಂತ ನಿಮಗೂ ಗೊತ್ತು. ಅಂಗಳದಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಎಳೆ ಬಿಸಿಲಿಗೆ ಹಿಡಿಯುತ್ತಾಳೆ. ಮೂಳೆ ಗಟ್ಟಿಯಾಗಲಿ ಅಂತ. ಹುಚ್ಚವ್ವನೂ ಅದನ್ನೇ ಮಾಡಿದಳು, ಒಂದು ದಿನ ತಪ್ಪಿಸದೆ. ಮಾಳವ್ವ ಬಿಸಿಲಿಗೆ ಹೋದಾಗೆಲ್ಲ ಕಣ್ಣು ಮುಚ್ಚಿ ಅಳುತ್ತಿದ್ದಳು. ಮುಖ ಕೆಂಪಗಾಗುತ್ತಿತ್ತು. ಎರಡು ವರ್ಷ ತುಂಬುವುದರೊಳಗೆ ಮುಖದ ತುಂಬ ಕಪ್ಪು ಚುಕ್ಕೆ ಬಿದ್ದವು, ಸಜ್ಜೆ ಚೆಲ್ಲಿದ ಹಾಗೆ. ನಾಲ್ಕಕ್ಕೆ ಮೂಗಿನ ಮೇಲೆ ಹುಣ್ಣು. ಆರಕ್ಕೆ ಒಂದು ಕಣ್ಣು ಹೋಯಿತು. ಮೂಗಿನ ಹುಣ್ಣು ಕ್ಯಾನ್ಸರ್ ಅಂತ ತಿಳಿಯುವ ಹೊತ್ತಿಗೆ ಅದು ಒಳಗೆ ಇಳಿದಿತ್ತು. ಎಂಟು ವರ್ಷಕ್ಕೆ ತೀರಿಕೊಂಡಳು.

ಕೊನೆಯ ವರ್ಷದಲ್ಲಿ ಅಕ್ಕ ಮಾಳವ್ವನ ಫೋಟೊವನ್ನು ಮಂಜರಿ ಮೇಡಂಗೆ ತೋರಿಸಿದ್ದಳು. ಮೇಡಂ ರಕ್ತ ತರಿಸಿ ಪರೀಕ್ಷೆ ಮಾಡಿಸಿದರು. ಬಿಸಿಲು ಬಿದ್ದಾಗ ನಮ್ಮೆಲ್ಲರ ಚರ್ಮದ ಡಿಎನ್‌ಎಗೂ ಪೆಟ್ಟಾಗುತ್ತದಂತೆ, ದಿನಾ. ಪೆಟ್ಟಾದ ಜಾಗದಲ್ಲಿ ಜಡೆ ಬಿಚ್ಚಿ ದಾರಿ ಮಾಡಿಕೊಡುವ ಒಂದು ಕಿಣ್ವ ಇದೆ. ಅದು ಬಿಚ್ಚಿಕೊಟ್ಟರೆ ಉಳಿದ ಕಿಣ್ವಗಳು ಬಂದು ರಿಪೇರಿ ಮಾಡುತ್ತವೆ. ಮಾಳವ್ವನ ರಕ್ತದಲ್ಲಿ ಆ ಕಿಣ್ವದ ಬರಹದಲ್ಲಿ ಒಂದು ಬದಲಾವಣೆ ಸಿಕ್ಕಿತು. ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಒಂದೇ. ಆದರೆ ಅಂಥ ಬದಲಾವಣೆ ಮೊದಲು ಎಲ್ಲೂ ಸಿಕ್ಕಿರಲಿಲ್ಲ. ಅದರಿಂದ ಕಿಣ್ವ ಕೆಡುತ್ತದೋ ಇಲ್ಲವೋ, ಅರ್ಥ ಗೊತ್ತಿಲ್ಲ ಅಂತ ವರದಿ ಹೇಳಿತು.

ಹುಚ್ಚವ್ವನಿಗೆ ಇದೆಲ್ಲದರಲ್ಲಿ ತಿಳಿದದ್ದು ಒಂದೇ ಮಾತು, ಬಿಸಿಲು. ಮಾಳವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಅವಳು ತನ್ನ ಕಾಲುಗಳನ್ನು ನೋಡಿಕೊಂಡು ಕೂರುತ್ತಿದ್ದಳಂತೆ. ಅಕ್ಕ ಪುಣೆ ಬಿಟ್ಟು ಬಂದದ್ದು ಅದಕ್ಕೇ. ದೇವಣಗಾಂವದಲ್ಲಿ ನೆಟ್ ನಿಲ್ಲುವುದಿಲ್ಲ, ಅದಕ್ಕೆ ಸಿಂದಗಿಯಲ್ಲಿ ದಿಲಾವರನ ಮೇಲಿನ ಕೋಣೆ ಹಿಡಿದಳು. ಮಣಿಗಳ ಚಿತ್ರ ಪುಣೆಯಿಂದ ಅಲ್ಲಿಗೆ ಬರತೊಡಗಿದವು. ಶನಿವಾರ ಊರಿಗೆ ಹೋಗಿ ಸೋಮವಾರ ಬರುವುದು.

ಕಳೆದ ಶ್ರಾವಣದಲ್ಲಿ ಸುಂದರವ್ವನಿಗೆ ಗಂಡು ಹುಟ್ಟಿತು. ಬೀರು ಅಂತ ಹೆಸರಿಟ್ಟರು. ರಕ್ತ ನೋಡಿದರೆ ಅದೇ ಬದಲಾವಣೆ, ಎರಡೂ ಕಡೆಯಿಂದ. ಅರ್ಥ ತಿಳಿಯುವವರೆಗೆ ಕೂಸಿಗೆ ಬಿಸಿಲು ತಾಕಿಸಬೇಡಿ ಅಂತ ಡಾಕ್ಟರು ಹೇಳಿದರು. ಸುಂದರವ್ವ ಅವನನ್ನು ನಡುಮನೆಯಿಂದ ಹೊರಗೆ ತರಲಿಲ್ಲ. ಹುಚ್ಚವ್ವ ಮೊಮ್ಮಗನನ್ನು ಮುಟ್ಟಲೇ ಇಲ್ಲ. ತೊಟ್ಟಿಲು ತೂಗಬೇಕಾದರೂ ಹಗ್ಗ ಹಿಡಿದು ದೂರ ಕೂತು ತೂಗುತ್ತಿದ್ದಳು.

"ಯವ್ವಾ, ಎತ್ಕೊ. ಒಳಗ ಎತ್ಕೊಂಡ್ರ ಏನೂ ಆಗೂದಿಲ್ಲ," ಅಂತ ಅಕ್ಕ ಹೇಳಿದರೆ, "ಬ್ಯಾಡವಾ, ನನ್ನ ಕೈ ಛಲೋ ಇಲ್ಲ," ಅನ್ನುತ್ತಿದ್ದಳು.

ಅಕ್ಕ ಮೇಡಂಗೆ ಗಂಟುಬಿದ್ದಳು. ಬೀರುವಿನ ಕಿಣ್ವವನ್ನೇ ಲ್ಯಾಬಿನಲ್ಲಿ ತಯಾರಿಸಿ ಮಣಿಗಳ ಮೇಲೆ ಬಿಟ್ಟು ನೋಡೋಣ ಅಂತ. ಮೇಡಂ ಒಪ್ಪಿದರು. ಅವರ ಹತ್ತಿರ ಆಗಲೇ ಅದೇ ಕಿಣ್ವದ ಹನ್ನೊಂದು ಬೇರೆ ಬೇರೆ ಬದಲಾವಣೆಗಳು ಸಾಲಿನಲ್ಲಿದ್ದವು, ಇದು ಹನ್ನೆರಡನೆಯದಾಯಿತು. ಎಲ್ಲಕ್ಕೂ ಬರೀ ನಂಬರು ಹಚ್ಚಿ ಕಳಿಸುತ್ತಿದ್ದರು. ನೋಡುವವಳಿಗೆ ತನ್ನದು ಯಾವುದು ಅಂತ ಗೊತ್ತಾದರೆ ಕಣ್ಣು ವಾಲುತ್ತದೆ ಅಂತ. ಅಕ್ಕನೂ ಕೇಳಲಿಲ್ಲ.

ಸಂಕ್ರಾಂತಿ ಮುಗಿದ ವಾರ ಹನ್ನೆರಡೂ ಮುಗಿದವು. ಮೇಡಂ ಫೋನ್ ಮಾಡಿದರು.

"ರೇಣುಕಾ, ಒಂಬತ್ತು ನಂಬರ್ ನಿಮ್ಮದು. ಅದರ ವೇಗ ನೋಡಿದ್ಯಾ? ಆರೋಗ್ಯದ ಕಿಣ್ವಕ್ಕ ಎಷ್ಟದನೋ ಅಷ್ಟೇ ಅದ."

ಅಕ್ಕ ಒಂಬತ್ತನೇ ನಂಬರಿನ ಗೆರೆಗಳನ್ನು ಮತ್ತೆ ತೆರೆದಳಂತೆ.

"ಕೇಳಿಲ್ಲೆ, ಇದು ಒಂದೇ ಸಲ ಮಾಡಿದ್ದು. ಇನ್ನೊಮ್ಮೆ ಮಾಡೂತನಕಾ ಮನಿಯೊಳಗ ಹೇಳಬ್ಯಾಡ. ಮತ್ತ ಈ ಬದಲಾವಣೆ ಕಾರಣ ಅಲ್ಲ ಅಂದ್ರ ಬ್ಯಾರೆ ಏನರ ಕಾರಣ ಇರಬೇಕು. ಬಿಸಲಿನ ಎಚ್ಚರಿಕಿ ಹಂಗ ಇರ್ಲಿ. ತಿಳೀತಿಲ್ಲೊ?"

"ತಿಳೀತ್ರಿ ಮೇಡಂ."

ತಿಳಿದಿತ್ತು ನಿಜ. ಆದರೆ ಫೋನ್ ಇಟ್ಟ ಹತ್ತು ನಿಮಿಷಕ್ಕೆ ಅವಳು ತಾಯಿಗೆ ಫೋನ್ ಮಾಡಿದ್ದಳು. ಯಾಕೆ ಮಾಡಿದೆ ಅಂತ ನಾನು ಕೇಳಲಿಲ್ಲ. ಎಂಟು ತಿಂಗಳಿಂದ ತಾಯಿ ತನ್ನ ಕಾಲು ನೋಡಿಕೊಂಡು ಕೂರುವುದನ್ನು ಪ್ರತಿ ಶನಿವಾರ ಕಂಡವಳು, ಇನ್ನೇನು ಮಾಡಿಯಾಳು.

"ಯವ್ವಾ, ನಮ್ಮ ನಂಬರ ಕೆಲಸಾ ಮಾಡತೈತಿ."

"ಯಾವ ನಂಬರ?"

"ನಮ್ಮ ಮನಿ ರಕ್ತದಾಗಿಂದು. ಅದರಾಗ ದೋಷ ಇಲ್ಲ ಯವ್ವಾ. ಮಾಳವ್ವಗ ಬ್ಯಾರೆ ಏನೋ ಆಗಿತ್ತು. ನೀ ಬಿಸಲಿಗೆ ಹಿಡದದ್ದಕ್ಕ ಅಲ್ಲ. ನೀ ಮಾಡಿದ್ದಲ್ಲ."

ಆ ಕಡೆ ಕೋಳಿಯ ಸದ್ದು ಕೇಳಿಸುತ್ತಿತ್ತು.

"ಹಂಗಾರ ಕೂಸಿನ್ನ ಎತ್ಕೊಳ್ಳಲೇನ?" ಅಂತ ಹುಚ್ಚವ್ವ ಕೇಳಿದಳು.

ಆ ಶನಿವಾರ ಅಕ್ಕ ಊರಿಗೆ ಹೋದಾಗ ತಾಯಿ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದಳು. ಬೀರು ಎಣ್ಣೆ ಹಚ್ಚಿಸಿಕೊಂಡು ಮಿಂಚುತ್ತಿದ್ದ. ಐದು ತಿಂಗಳ ಕೂಸು, ಹಾಲಿನಂಥ ಬಣ್ಣ, ಬೆಳಕು ಕಂಡಿರಲಿಲ್ಲವಲ್ಲ. ಹುಚ್ಚವ್ವ ಅವನ ಮೂಗು ನೀವುತ್ತ ಏನೇನೋ ಬಯ್ಯುತ್ತಿದ್ದಳು, ಪ್ರೀತಿಯ ಬೈಗುಳ. ಬಿಸಿಲಿನ ಎಚ್ಚರಿಕೆ ಹಾಗೇ ಇರಲಿ ಅಂತ ಮೇಡಂ ಹೇಳಿದ ಮಾತನ್ನು ಅಕ್ಕ ಆಗಲೂ ಹೇಳಲಿಲ್ಲ. ಎಳೆ ಬಿಸಿಲು ತಾನೆ ಅಂದುಕೊಂಡಳಂತೆ. ನಮ್ಮ ಕಡೆಯ ಎಳೆ ಬಿಸಿಲು ಫೆಬ್ರವರಿ ದಾಟಿದ ಮೇಲೆ ಹೇಗಿರುತ್ತದೆ ಅಂತ ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಮಾರ್ಚ್ ಮೊದಲ ವಾರ ಸುಂದರವ್ವ ಫೋನ್ ಮಾಡಿದಳು. ಅವಳು ರೇಣುಕಕ್ಕನಿಗೆ ಈಗಲೂ ಚಿಗವ್ವ ಅಂತಲೇ ಕರೆಯುವುದು, ಹುಚ್ಚವ್ವನಿಗೆ ಆಯಿ ಅಂತ.

"ಚಿಗವ್ವಾ, ಹೊರಗ ಒಯ್ದ ಕೂಡ್ಲೆ ಕಣ್ಣಾಗ ನೀರ ಸುರೀತಾವ. ಮಾರಿ ಕೆಂಪಗ ಆಗತೈತಿ. ಆಯಿ ಬೆವರಸಾಲಿ ಅಂತಾಳ."

"ಬೆವರಸಾಲಿನ ಇರಬೇಕ ತಗೋ. ಎಷ್ಟ ಧಗಿ ಐತಿ."

"ಮಾಳವ್ವಗೂ ಹಿಂಗ ಆಗಿತ್ತು."

"ನಾ ನನ್ನ ಕಣ್ಣಲೆ ನೋಡೇನವಾ. ನಂಬರ ಸುಳ್ಳ ಹೇಳೂದಿಲ್ಲ."

"ನೀ ನಂಬರ ನೋಡೀದಿ. ನಾ ಕೂಸಿನ ಮಾರಿ ನೋಡಾಕತ್ತೇನಿ," ಅಂದಳು ಸುಂದರವ್ವ. ಅಕ್ಕ ಸ್ವಲ್ಪ ಸಿಟ್ಟಿನಿಂದಲೇ ಫೋನ್ ಇಟ್ಟಳು.

ಮಾರ್ಚ್ ಕೊನೆಗೆ ಪುಣೆಯಿಂದ ಒಂಬತ್ತನೇ ನಂಬರಿನ ಎರಡನೇ ಸಲದ ಚಿತ್ರ ಬಂತು. ಜೊತೆಗೆ ಲ್ಯಾಬಿನ ಹುಡುಗಿಯ ಒಂದು ಸಾಲಿನ ಮೆಸೇಜು: ಈ ಸಲ ಹೊಸ ಕೊಳವೆ ಹಾಕಿದ್ದೆವು, ಏನೋ ಕೆಟ್ಟಿದೆ, ಒಂದೂ ಮಣಿ ಎದ್ದಿಲ್ಲ, ಮುಂದಿನ ವಾರ ಮತ್ತೆ ಮಾಡುತ್ತೇವೆ.

ಒಂದೂ ಎದ್ದಿಲ್ಲ. ಅಂದರೆ ಅಕ್ಕನಿಗೆ ಆ ದಿನ ಕೆಲಸವೇ ಇಲ್ಲ. ಅದೊಂದು ಶನಿವಾರ, ಊರಿನ ಬಸ್ಸಿಗೆ ಇನ್ನೂ ಮೂರು ತಾಸಿತ್ತು. ಸುಮ್ಮನೆ ಕೂರಲಾರದೆ ಅವಳು ಕಂಪ್ಯೂಟರು ತೆಗೆದು ಬಿಸಾಕಿದ್ದ ಮಣಿಗಳನ್ನು ಒಂದೊಂದಾಗಿ ತೆರೆದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಪ್ರತಿ ಚಿತ್ರದ ಶುರುವಿನಲ್ಲಿ ಅಯಸ್ಕಾಂತವನ್ನು ಒಮ್ಮೆ ಜೋರಾಗಿ ಎಳೆಯುತ್ತಾರೆ. ಜಡೆ ಸರಿಯಿದ್ದ ಮಣಿ ಟಕ್ಕನೆ ಮೇಲೆ ಜಿಗಿದು ಮತ್ತೆ ಕೆಳಗೆ ಬರುತ್ತದೆ. ಆಮೇಲೆ ಕಿಣ್ವ ಬಿಟ್ಟು ಕಾಯುತ್ತಾರೆ. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಇನ್ನೊಂದು ಸಲ ಎಳೆಯುತ್ತಾರೆ. ಆ ಕೊನೆಯ ಎಳೆತವನ್ನು ಯಾರೂ ನೋಡುತ್ತಿರಲಿಲ್ಲ. ಹತ್ತು ನಿಮಿಷ ಅಲುಗದ ಮಣಿ ಗಾಜಿಗೆ ಅಂಟಿದೆ ಅಂತ ಲೆಕ್ಕ, ತೆಗೆದುಬಿಡು ಅಂತ ನಿಯಮ. ಅಷ್ಟು ಸಾವಿರ ಮಣಿ ನೋಡಬೇಕೆಂದರೆ ಅಂಥ ನಿಯಮ ಬೇಕೇ ಬೇಕು.

ಮೊದಲನೇ ಮಣಿ. ಶುರುವಿನಲ್ಲಿ ಜಿಗಿಯಿತು. ಆಮೇಲೆ ಅರ್ಧ ತಾಸು ಸಪಾಟು ಗೆರೆ. ಕೊನೆಯಲ್ಲಿ ಎಳೆದಾಗ ಮತ್ತೆ ಜಿಗಿಯಿತು.

ಅಂಟಿದ್ದರೆ ಜಿಗಿಯುವುದು ಹೇಗೆ?

ಎರಡನೆಯದು, ಜಿಗಿಯಿತು. ಮೂರನೆಯದು, ಹತ್ತನೆಯದು, ನಲವತ್ತನೆಯದು. ಎಲ್ಲವೂ ಬಿಡಿಯಾಗಿದ್ದವು, ಎಲ್ಲವೂ ಚೆನ್ನಾಗಿದ್ದವು. ಏನೂ ಕೆಟ್ಟಿರಲಿಲ್ಲ. ಬಿಚ್ಚಬೇಕಾದ ಕಿಣ್ವವೇ ಬಿಚ್ಚಿರಲಿಲ್ಲ.

ಅಕ್ಕ ಜನವರಿಯ ಚಿತ್ರ ತೆಗೆದಳು. ಒಟ್ಟು ಆರುನೂರಾ ನಲವತ್ತು ಮಣಿ. ಅವಳು ಇಟ್ಟುಕೊಂಡದ್ದು ಮೂವತ್ತೆಂಟು, ಚೆನ್ನಾಗಿ ಓಡಿದವು. ವೇಗ ಅಳೆದದ್ದು ಆ ಮೂವತ್ತೆಂಟರದೇ. ಬಿಸಾಕಿದ್ದು ಆರುನೂರಾ ಎರಡು. ಆರೋಗ್ಯದ ಕಿಣ್ವವಿದ್ದಾಗ ಅಷ್ಟರಲ್ಲಿ ನಾನೂರರ ಮೇಲೆ ಏಳುತ್ತವೆ. ಇದು ಆಗ ಅವಳ ಕಣ್ಣಿಗೆ ಬೀಳಲಿಲ್ಲವೇ? ಬಿದ್ದಿತ್ತಂತೆ. ಆ ದಿನ ಗಾಜು ಸರಿ ಇರಲಿಲ್ಲ ಅಂದುಕೊಂಡಳಂತೆ.

"ನಮ್ಮಪ್ಪ ಬಿಡಾರ ಎತ್ತೂ ದಿನ ಹಿಂಗ ಮಾಡತಿದ್ದ," ಅಂತ ಅವಳು ನನಗೆ ಹೇಳಿದಳು. "ಮುಂಜಾನೆ ಎದ್ದ ನಡದ ಬಂದ ಕುರಿ ಅಷ್ಟ ಹಿಂಡು. ಎದ್ದಿಲ್ಲಂದ್ರ ಅದನ್ನ ಆ ಊರಾಗ ಯಾರಿಗರ ಕೊಟ್ಟ ಹೋಗೂದು. ತಿರುಗಿ ನೋಡೂದಿಲ್ಲ. ನೋಡಿದ್ರ ನಡ್ಯಾಕ ಆಗೂದಿಲ್ಲ. ನನಗೂ ಅದ ರೂಢಿ. ಎದ್ದ ಮಣಿಗೋಳ ಮಾರಿ ಮಾತ್ರ ನೋಡಿದ್ನಿ."

ಹಾಗಾದರೆ ಆ ಮೂವತ್ತೆಂಟು ಹೇಗೆ ಎದ್ದವು? ಲ್ಯಾಬಿನ ದಾಖಲೆ ತೆರೆದಾಗ ಅದೂ ಗೊತ್ತಾಯಿತು. ಜನವರಿಯಲ್ಲಿ ಒಂಬತ್ತನೇ ನಂಬರಿನ ಮುಂಚೆ ಅದೇ ಕೊಳವೆಯಲ್ಲಿ ಆರೋಗ್ಯದ ಕಿಣ್ವ ಹರಿಸಿದ್ದರು. ತೊಳೆದಿದ್ದರು, ಆದರೆ ಚೂರು ಉಳಿದಿತ್ತು. ಎದ್ದ ಮೂವತ್ತೆಂಟು ಬೇರೆಯವರ ಕಿಣ್ವದಿಂದ ಎದ್ದವು. ಬೀರುವಿನದು ಅಲುಗದ ಆರುನೂರಾ ಎರಡರಲ್ಲಿತ್ತು.

ಅಕ್ಕ ಅವತ್ತು ಊರ ಬಸ್ಸಿಗೆ ಹೋಗಲಿಲ್ಲ. ಭಾನುವಾರವೂ ಅಂಗಡಿಯ ಬೀಗ ತೆಗೆಸಿಕೊಂಡು ಆರುನೂರಾ ಎರಡನ್ನೂ ಕೊನೆಯವರೆಗೆ ನೋಡಿದಳು. ದಿಲಾವರ ಚಹಾ ತಂದವನು ಈ ಸಲ ಹೀರೋ ವಿಷಯ ಎತ್ತಲಿಲ್ಲ.

"ಅಕ್ಕಾರ, ಆರಾಮಿಲ್ಲೇನ್ರಿ?"

"ಅಲ್ಲಿಟ್ಟ ಹೋಗು."

ಮನೆಗೆ ಫೋನ್ ಮಾಡಬಹುದಿತ್ತು. ಮಾಡಿದಳು ಕೂಡ. ತಾಯಿ ಎತ್ತಿದಳು, ಹಿಂದೆ ಕೂಸಿನ ಕೇಕೆ ಕೇಳಿಸಿತು, ಅಕ್ಕ ಕಟ್ ಮಾಡಿದಳು. ಒಮ್ಮೆ ಮೇಡಂ ಮಾತು ಮೀರಿ ಹೇಳಿ ಹೀಗಾಯಿತು, ಈ ಸಲ ಮೇಡಂ ನೋಡಿ ಹೌದು ಅನ್ನಲಿ ಅಂದುಕೊಂಡಳಂತೆ. ಆ ಎರಡು ಮೂರು ದಿನದ ಬಿಸಿಲು ಇಡೀ ಎರಡು ತಿಂಗಳಿಗಿಂತ ಹೆಚ್ಚು ಭಾರ ಅಂತ ಅವಳು ಹೇಳುವಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಮೇಡಂ ಯುಗಾದಿಗೆ ಅಂತ ಇಂಡಿಗೆ ಬಂದಿದ್ದರು. ಸೋಮವಾರ ಅಕ್ಕ ಲ್ಯಾಪ್‌ಟಾಪ್ ಹಿಡಿದು ಅಲ್ಲಿಗೆ ಹೋದಳು. ಮೇಡಂ ತಾಯಿ ರುಕ್ಮಿಣೀಬಾಯಿ ಲಿಂಬೆ ಶರಬತ್ತು ತಂದಿಟ್ಟು, "ಯಾಕವಾ, ಮಾರಿ ಸಣ್ಣಗಾಗೇದಲ್ಲ, ಊಟಾ ಮಾಡೀಯೋ ಇಲ್ಲೋ?" ಅಂತ ಕೇಳಿದರು. ಅಕ್ಕ ಹೂಂ ಅಂದಳು. ಮೇಡಂ ಪಡಸಾಲೆಯಲ್ಲಿ ಕೂತು ಒಂದು ತಾಸು ಗೆರೆಗಳನ್ನು ನೋಡಿದರು. ಶರಬತ್ತು ಹಾಗೇ ಇತ್ತು.

"ನೀ ನೋಡಿದ್ದು ಖರೇ ಅದ," ಅಂದರು. "ಇದು ಸತ್ತ ಕಿಣ್ವ. ತಪ್ಪು ನಂದೂ ಅದ ರೇಣುಕಾ. ಹತ್ತು ನಿಮಿಷ ಅಲುಗಲಿಲ್ಲ ಅಂದ್ರ ತಗದ ಬಿಡ್ರಿ ಅಂತ ಹೇಳಿದಾಕಿ ನಾನ. ಎಷ್ಟು ಬಿಟ್ಟೇವಿ ಅಂತ ನಾನೂ ನೋಡಲಿಲ್ಲ. ಹನ್ನೆರಡೂ ಮತ್ತ ಮಾಡಬೇಕು." ಆಮೇಲೆ ಲ್ಯಾಪ್‌ಟಾಪ್ ಮುಚ್ಚುತ್ತ, "ಪುಣ್ಯಾ, ಮನಿಯೊಳಗ ಹೇಳಿಲ್ಲ ನೀ," ಅಂದರು.

ಅಕ್ಕ ಶರಬತ್ತಿನ ಲೋಟವನ್ನು ಅತ್ತ ಸರಿಸಿದಳು.

ಮೇಡಂ ಅವಳ ಮುಖ ನೋಡಿದರು. "ಯಾವಾಗ ಹೇಳಿದಿ?"

"ಅವತ್ತರಿ."

"ಕೂಸು ಹೊರಗ ಅದ ಏನು?"

"ಹೌದ್ರಿ. ದಿನಾ."

ಮೇಡಂ ಎದ್ದು ಒಳಗೆ ಹೋದರು. ಮತ್ತೆ ಬಂದು, "ನಾ ಬರಲೇನು ನಿನ್ನ ಕೂಡ?" ಅಂತ ಕೇಳಿದರು. ಬೇಡ್ರಿ ಅಂದಳು ಅಕ್ಕ.

ಮರುದಿನ ಬೆಳಗಿನ ಬಸ್ಸಿಗೆ ಅವಳು ದೇವಣಗಾಂವಕ್ಕೆ ಹೋದಳು. ಎಂಟೂವರೆಯ ಸುಮಾರು. ಕಾಂತು ಮತ್ತು ಸೋಮನಿಂಗ ಕುರಿ ಹೊಡೆದುಕೊಂಡು ನದಿಯ ಆಚೆ ಹೋಗಿ ತಿಂಗಳಾಗಿತ್ತು. ಸುಂದರವ್ವ ನೀರಿಗೆ ಹೋಗಿದ್ದಳು. ಅಂಗಳದಲ್ಲಿ ಹುಚ್ಚವ್ವ ಕಾಲು ಚಾಚಿ ಕೂತಿದ್ದಳು, ಕಾಲ ಮೇಲೆ ಬೀರು. ಸೆರಗನ್ನು ಅವನ ಕಣ್ಣಿಗಷ್ಟೇ ಅಡ್ಡ ಹಿಡಿದಿದ್ದಳು, ನೀರು ಸುರಿಯುತ್ತದೆ ಅಂತ. ಕೆನ್ನೆ, ಮೂಗು, ಕಿವಿಯ ಅಂಚು ಬಿಸಿಲಿಗಿದ್ದವು. ಅಲ್ಲೆಲ್ಲ ಸಣ್ಣ ಸಣ್ಣ ಚುಕ್ಕೆ ಎದ್ದಿದ್ದವು. ಅಕ್ಕ ಎಣಿಸಲಿಲ್ಲ.

"ಯಾಕ, ನಡುವಾರ ಬಂದಿ?" ಅಂದಳು ಹುಚ್ಚವ್ವ.

"ಯವ್ವಾ, ಒಳಗ ನಡಿ."

"ಎಣ್ಣಿ ಇನ್ನೊಂದೀಟ ಹಚ್ಚೂದೈತಿ."

"ಒಳಗ ನಡಿ ಯವ್ವಾ. ನಾ ಹೇಳಿದ್ದು ತಪ್ಪಾಗೇತಿ. ನಮ್ಮ ನಂಬರ ಕೆಲಸಾ ಮಾಡೂದಿಲ್ಲ."

ಹುಚ್ಚವ್ವ ಎಣ್ಣೆಯ ಕೈಯನ್ನು ಕೂಸಿನ ಎದೆಯ ಮೇಲೆ ಹಾಗೇ ಇಟ್ಟುಕೊಂಡಳು. ಆಮೇಲೆ ಸೆರಗಿನಿಂದ ಅವನನ್ನು ಪೂರ್ತಿ ಮುಚ್ಚಿ, ಎತ್ತಿಕೊಂಡು ಒಳಗೆ ನಡೆದಳು. ತೊಟ್ಟಿಲಲ್ಲಿ ಹಾಕಿ ಗೋಡೆಗೆ ಆತು ನಿಂತು ಕೇಳಿದಳು.

"ಅಂದ್ರ ಮಾಳವ್ವಂದೂ?"

ಅಕ್ಕನಿಗೆ ಅಲ್ಲೊಂದು ಸುಳ್ಳು ಹೇಳಬೇಕೆನಿಸಿತಂತೆ. ಒಂದೇ ಒಂದು ಮಾತು ಸಾಕಿತ್ತು. ಮಾಳವ್ವನ ಮಾತು ಈಗ ಯಾರಿಗೂ ಬೇಕಿರಲಿಲ್ಲ, ಬೀರುವನ್ನು ಒಳಗಿಟ್ಟರೆ ಆಗುತ್ತಿತ್ತು. ಆದರೆ ಒಂದು ಕೂಸಿಗೆ ಬಿಸಿಲು ತಾಗುತ್ತದೆ, ಇನ್ನೊಂದಕ್ಕೆ ತಾಗಿರಲಿಲ್ಲ ಅಂದರೆ ತಾಯಿ ನಂಬುವುದು ಎರಡನೆಯದನ್ನೇ, 'ಸ್ವಲ್ಪ ಹೊತ್ತು' ಅಂತ ಮತ್ತೆ ಹೊರಗೆ ಒಯ್ಯುತ್ತಾಳೆ.

"ಹೌದ ಯವ್ವಾ. ಮಾಳವ್ವಂದೂ ಅದ."

"ನಾನ ಹಿಡದದ್ದು."

"ನಿನಗ ಗೊತ್ತಿರಲಿಲ್ಲ."

"ಈಗೂ ನಾನ ಹಿಡದದ್ದು."

"ಈಗಿಂದು ನಂದು," ಅಂದಳು ಅಕ್ಕ. "ಇದು ನಂದು ಯವ್ವಾ."

ಸುಂದರವ್ವ ಕೊಡ ಹೊತ್ತು ಬಂದಳು. ಬಾಗಿಲಲ್ಲೇ ಅವಳಿಗೆ ಅರ್ಥವಾಗಿರಬೇಕು, ಇಬ್ಬರ ನಿಲುವು ನೋಡಿ. ಕೊಡ ಇಳಿಸಿ ತೊಟ್ಟಿಲ ಹತ್ತಿರ ಹೋಗಿ ಬೀರುವಿನ ಮುಖ ಒರೆಸಿದಳು. ಕೂಗಾಡಲಿಲ್ಲ. ಅಕ್ಕನ ಕಡೆ ತಿರುಗಿ ನೋಡಲೂ ಇಲ್ಲ.

"ನಾ ಫೋನ್ ಮಾಡಿದ್ನೆಲ್ಲ ಚಿಗವ್ವಾ," ಅಂದಳು. "ಮಾರಿ ನೋಡ ಬಾ ಅಂದಿದ್ರ ಬರತಿದ್ದಿಲ್ಲ ನೀ. ನಾನರ ಆಯಿ ಕೈಯಾಗಿಂದ ಕಸಗೋಬೇಕಿತ್ತು. ನೀ ಕಲತಾಕಿ ಅಂತ ಸುಮ್ನಿದ್ದೆ."

ಅಕ್ಕ ತೊಟ್ಟಿಲ ಹತ್ತಿರ ಬಂದು ಬೀರುವಿನ ಮುಖ ನೋಡಿದಳು.

"ಎಷ್ಟ ಆಗಿರಬೇಕು?" ಅಂತ ಸುಂದರವ್ವ ಮತ್ತೆ ಕೇಳಿದಳು. "ಒಳಗ ಎಷ್ಟ ಕೆಟ್ಟಿರಬೇಕು?"

"ಗೊತ್ತಾಗೂದಿಲ್ಲ. ಆದದ್ದು ಹಂಗ ಉಳೀತೈತಿ. ಇನ್ನ ಮುಂದ ಬಿಸಲ ಬೀಳಲಿಲ್ಲಂದ್ರ ಭಾಳ ವರ್ಷ ಇರಬಹುದು. ಡಾಕ್ಟರ ಹಂತ್ಯಾಕ ಮೂರ ತಿಂಗಳಿಗೊಮ್ಮೆ ಒಯ್ಯಬೇಕು. ಹುಣ್ಣ ಕಂಡ ಕೂಡ್ಲೆ ತಗಸಬೇಕು."

"ಭಾಳ ಅಂದ್ರ?"

"ಗೊತ್ತಿಲ್ಲ ಸುಂದ್ರಾ."

ಆಗ ಹುಚ್ಚವ್ವ ಮೇಲೆ ನೋಡಿದಳು. ಅವರದು ಹಳೆಯ ಮಣ್ಣಿನ ಮಾಳಿಗೆಯ ಮನೆ, ನಡುಮನೆಯ ಛಾವಣಿಯಲ್ಲಿ ಬೆಳಕಿಂಡಿ ಇದೆ. ಬಿಸಿಲು ಅಲ್ಲಿಂದ ಕೋಲಿನ ಹಾಗೆ ಇಳಿದು ತೊಟ್ಟಿಲಿನಿಂದ ಒಂದು ಮೊಳ ದೂರ ನೆಲಕ್ಕೆ ಬಿದ್ದಿತ್ತು. ಮಧ್ಯಾಹ್ನಕ್ಕೆ ಅದು ತೊಟ್ಟಿಲನ್ನು ಮುಟ್ಟುತ್ತಿತ್ತು. ಶ್ರಾವಣದಿಂದ ಇಲ್ಲಿವರೆಗೆ ಯಾರೂ ಅದನ್ನು ಬಿಸಿಲು ಅಂತ ಅಂದುಕೊಂಡಿರಲೇ ಇಲ್ಲ.

ಅವಳು ಹೊರಗೆ ಹೋಗಿ ಏಣಿ ಎಳೆದುಕೊಂಡು ಬಂದಳು.

"ಯವ್ವಾ, ನಾ ಹತ್ತತೇನಿ."

"ಸರಿ ಅತ್ಲಾಗ."

ಅರವತ್ತು ದಾಟಿದ ಮುದುಕಿ, ಸೀರೆ ಕಚ್ಚೆ ಕಟ್ಟಿಕೊಂಡು, ಒಂದು ಹಾಸುಗಲ್ಲಿನ ತುಂಡನ್ನು ಹೆಗಲಿಗೆ ಆನಿಸಿಕೊಂಡು ಮಾಳಿಗೆ ಏರಿದಳು. ಅಕ್ಕ ಕೆಳಗೆ ಏಣಿ ಹಿಡಿದು ನಿಂತಳು. ಮೇಲೆ ಕಲ್ಲು ಎಳೆಯುವ ಸದ್ದು ಕೇಳಿಸಿತು, ಆಮೇಲೆ ಮಣ್ಣು ಬಡಿಯುವ ಸದ್ದು. ಒಳಗಿಂದ ಸುಂದರವ್ವ, "ಆತ ಆಯಿ, ಪೂರಾ ಮುಚ್ಚೇತಿ," ಅಂದಳು.

ಅಕ್ಕ ಒಳಗೆ ಹೋದಳು. ನಡುಮನೆ ಕತ್ತಲಾಗಿತ್ತು. ಕಣ್ಣು ಹೊಂದಿಕೊಂಡ ಮೇಲೆ ತೊಟ್ಟಿಲು ಕಂಡಿತು. ಬೀರು ಮುಖ ಹಿಂಡುವುದನ್ನು ಬಿಟ್ಟು, ಕಣ್ಣು ಪೂರ್ತಿ ತೆರೆದು, ತಾಯಿಯ ಕಡೆ, ಆಮೇಲೆ ಇವಳ ಕಡೆ ನೋಡುತ್ತಿದ್ದ. ಕಣ್ಣೀರು ಸುರಿಯುವುದು ನಿಂತಿತ್ತು.

ಹುಚ್ಚವ್ವ ಮಾಳಿಗೆಯಿಂದ ಇಳಿದು ಬರಲು ಬಹಳ ಹೊತ್ತು ಮಾಡಿದಳು. ಇಳಿದು ಬಂದ ಮೇಲೂ ಹೊಸ್ತಿಲ ಹೊರಗೇ ಕೂತಳು, ಬಾಗಿಲು ಎಳೆದು ಮುಚ್ಚಿ ಅದಕ್ಕೆ ಬೆನ್ನು ಹಚ್ಚಿ, ಯಾರೂ ಅದನ್ನು ತೆರೆಯದ ಹಾಗೆ.